ಕೂಡಾಟದಲ್ಲಿ ಕಡ ತಂದ ಹೆಜ್ಜೆ

ಎಲ್ರಿಗೂ ನಮಸ್ಕಾರ. ಮಳೆ ಹಿಂಗೆ ಹೊಡೀತಾ ಇದ್ರೂ ಇಷ್ಟು ಜನ ಬಂದಿದ್ದೀರಿ, ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬಂದವ್ರೂ ಇದ್ದಾರೆ ಅಂತ ಈಗ ಗೊತ್ತಾಯ್ತು, ಖುಷಿಯಾಯ್ತು. ಮುಂದಿನ ಸಾಲಲ್ಲಿ ಯಕ್ಷಗಾನದ ಹಿರಿಯರು ಕೂತಿದ್ದಾರೆ, ಹಿಂದೆ ಕಂಟ್ರೋಲರ್ ಬ್ಯಾಗಲ್ಲೇ ಇಟ್ಕೊಂಡು ಬಂದ ಹುಡುಗ್ರು. ನಂಗೆ ಇವತ್ತು ಬೇಕಾಗಿದ್ದೂ ಇದೇ.

ವಿಡಿಯೋ ಗೇಮಿನ ಪಾತ್ರಗಳ ಡಿಸೈನ್ ಅನ್ನೋ ಈ ವಿಷಯ ಯಾಕೆ ತಗೊಂಡೆ ಅಂದ್ರೆ, ಹೋದ ತಿಂಗಳು ನಮ್ಮ ಶಿರಸಿ ಹುಡುಗ್ರ ವಾಟ್ಸಾಪ್ ಗ್ರೂಪಲ್ಲಿ ಮೂರು ದಿನ ಒಂದು ಜಗಳ ನಡೀತು. ಸ್ಮ್ಯಾಶ್ ಬ್ರದರ್ಸ್‌ನ ಗ್ಯಾನನ್‌ಡಾರ್ಫ್ ಸರಿ ಇದ್ದಾನಾ ಇಲ್ವಾ ಅಂತ. ಸ್ಮ್ಯಾಶ್ ಅಂದ್ರೆ ಬೇರೆ ಬೇರೆ ಗೇಮುಗಳ ಪಾತ್ರಗಳನ್ನ ಒಂದೇ ಕಣಕ್ಕೆ ತಂದು ಹೊಡೆದಾಡಿಸೋ ನಿಂಟೆಂಡೊ ಗೇಮು, ಗ್ಯಾನನ್‌ಡಾರ್ಫ್ ಅದಕ್ಕೆ ಜೆಲ್ಡಾ ಗೇಮಿಂದ ಬಂದ ಖಳ. ಮೂರನೇ ದಿನ ಒಬ್ರು ದೊಡ್ಡವ್ರು ಬಂದು "ಗೇಮ್ ಅಲ್ವಾ ಬಿಡ್ರೋ, ಕೆಲಸ ಇಲ್ವಾ" ಅಂದ್ರು, ಎಲ್ಲ ಸುಮ್ನಾದ್ರು. ನಂಗೆ ಆ ಸುಮ್ನಾಗಿದ್ದು ಬೇಜಾರಾಯ್ತು. ಯಾಕಂದ್ರೆ ಅದೇ ದೊಡ್ಡವ್ರು ಆಟ ಮುಗಿದ ಬೆಳಿಗ್ಗೆ ಹೋಟೆಲಲ್ಲಿ ಕೂತು, ರಾತ್ರಿಯ ಕೌರವ ಪ್ರವೇಶಕ್ಕೆ ಆ ಹೆಜ್ಜೆ ಹಾಕಿದ್ದು ತಪ್ಪು ಅಂತ ಎರಡು ಚಾ ಮುಗಿಯೋವರೆಗೂ ವಾದ ಮಾಡಿದ್ದನ್ನ ನಾನೇ ಪಕ್ಕದ ಟೇಬಲ್ಲಲ್ಲಿ ಕೂತು ಕೇಳಿದ್ದೀನಿ. ಅದು ವಿಮರ್ಶೆ ಆದ್ರೆ ಇದೂ ವಿಮರ್ಶೆನೇ.

ನಮಗೆ ಕ್ರಾಸ್‌ಓವರ್ ಅನ್ನೋದು, ಅಂದ್ರೆ ಬೇರೆ ಬೇರೆ ಕಥೆಯ ಪಾತ್ರ ಒಟ್ಟಿಗೆ ಬರೋದು, ಹೊಸದೇನಲ್ಲ. ಎರಡು ಮೇಳ ಅಕ್ಕಪಕ್ಕ ಎರಡು ರಂಗಸ್ಥಳ ಹಾಕಿ ಪೈಪೋಟಿ ಮಾಡಿದ್ರೆ ಜೋಡಾಟ, ಎರಡು ಮೇಳ ಒಂದೇ ರಂಗಸ್ಥಳ ಹತ್ತಿದ್ರೆ ಕೂಡಾಟ. ಶರಸೇತು ಬಂಧನ ಪ್ರಸಂಗ ನೋಡಿ, ದ್ವಾಪರದ ಅರ್ಜುನ, ತ್ರೇತೆಯಿಂದ ಬಂದ ಹನುಮಂತ, ಬಾಣದ ಸೇತುವೆ ನನ್ನ ಭಾರ ತಡೀತದಾ ನೋಡೋಣ ಅಂತ ಪಂಥ. ರಾಮಾಯಣದ ಹೀರೋ ಮಹಾಭಾರತದ ಹೀರೋ ಎದುರಾಬದರು. ಇದನ್ನ ನೋಡ್ತಾ ಬೆಳೆದ ನಮ್ಮ ಜಿಲ್ಲೆಯವ್ರಿಗೆ, ಮಾರಿಯೋ ಮತ್ತೆ ಸೋನಿಕ್ ಒಂದೇ ಕಣದಲ್ಲಿ ಹೊಡೆದಾಡ್ತಾರೆ ಅಂದ್ರೆ ಅದು ಅರ್ಥ ಆಗೋಕೆ ಒಂದು ನಿಮಿಷವೂ ಬೇಡ. ಸ್ಮ್ಯಾಶ್ ಅಂದ್ರೆ ಕೂಡಾಟ. 1999 ರಲ್ಲಿ ಹನ್ನೆರಡು ವೇಷದಿಂದ ಶುರುವಾಗಿ 2021 ರ ಅಕ್ಟೋಬರಲ್ಲಿ ಕೊನೇ ಪಾತ್ರ ಸೋರಾ ಬರೋ ಹೊತ್ತಿಗೆ 89 ವೇಷ ಆಯ್ತು. ಅಷ್ಟು ದೊಡ್ಡ ಚೌಕಿ, ಅಂದ್ರೆ ವೇಷ ಕಟ್ಟೋ ಜಾಗ, ಎಲ್ಲಾದ್ರೂ ಕಂಡಿದ್ದೀರಾ?

ಕೂಡಾಟದಲ್ಲಿ ನಾವು ಕೇಳೋದು ಏನು? ತೆಂಕಿನವ್ರು ಬಂದ್ರೆ ತೆಂಕಿನ ಹೆಜ್ಜೆಲೇ ಬರ್ಬೇಕು, ಬಡಗಿನವ್ರು ಬಡಗಿನ ಹೆಜ್ಜೆಲಿ. ತೆಂಕು, ಬಡಗು ಅಂದ್ರೆ ಯಕ್ಷಗಾನದ ಎರಡು ಶೈಲಿ. ಬಟ್ಟೆ ಮಾತ್ರ ಅವ್ರದ್ದು, ಹೆಜ್ಜೆ ಇವ್ರದ್ದು ಅಂದ್ರೆ ಯಾರೂ ಒಪ್ಪಲ್ಲ. ನಾನು ಇವತ್ತು ಹೇಳೋಕೆ ಬಂದಿದ್ದೂ ಅಷ್ಟೇ, ಪಾತ್ರದ ಡಿಸೈನ್ ಅಂದ್ರೆ ಬಟ್ಟೆ ಬಣ್ಣ ಅಂತ ಜಗಳ ಮಾಡ್ಬೇಡಿ, ಹೆಜ್ಜೆ ಯಾರದ್ದು ಅಂತ ಜಗಳ ಮಾಡಿ.

ಇದನ್ನ ನಂಗೆ ಕಲಿಸಿದ್ದು ನನ್ನ ಸೋದರಮಾವ. ಮಾವ ಹವ್ಯಾಸಿ ವೇಷಧಾರಿ, ತೋಟ ನೋಡ್ಕೊಂಡು ಮಳೆಗಾಲ ಮುಗಿದ ಮೇಲೆ ಊರ ಸುತ್ತ ವೇಷ ಹಾಕ್ತಿದ್ರು, ಹೆಚ್ಚಾಗಿ ಪುಂಡು ವೇಷ, ಅಂದ್ರೆ ಚುರುಕು ಹುಡುಗ್ರ ಪಾತ್ರ, ವಯಸ್ಸಾದ ಮೇಲೆ ಎರಡನೇ ವೇಷ. ಒಂದು ದೀಪಾವಳಿಗೆ ಬೆಂಗಳೂರಿಂದ ಅವ್ರ ಮಗ ವೀ ಯೂ ಅನ್ನೋ ಗೇಮ್ ಕನ್ಸೋಲ್ ತಂದಿದ್ದ, 2014 ರ ಸ್ಮ್ಯಾಶ್ ಹಾಕಿದ್ವಿ. ಆ ದಿನ ಗೋಪೂಜೆ ಮುಗಿದು ಹೋಳಿಗೆ ಊಟ ಆಗಿ ಎಲ್ರೂ ಜಗಲಿಲಿ ಅಡ್ಡ ಬಿದ್ದಿದ್ರು, ಮಾವ ಮಾತ್ರ ಅಡಿಕೆ ಕತ್ತರಿಸ್ತಾ ಕವಳ ಹಾಕ್ತಾ ನಮ್ಮ ಹಿಂದೆ ಕೂತಿದ್ರು. ನಾನು ಗ್ಯಾನನ್‌ಡಾರ್ಫ್ ತಗೊಂಡಿದ್ದೆ. ಮೊದಲು ಮಾವ ಏನೂ ಹೇಳಲಿಲ್ಲ. ಆಮೇಲೆ "ಇವ ರಾಕ್ಷಸ ವೇಷನಾ?" ಅಂತ ಕೇಳಿದ್ರು. ಹೌದು ಅಂದೆ, ಹೈರೂಲ್ ಅನ್ನೋ ರಾಜ್ಯ ನುಂಗೋಕೆ ಬರೋ ರಾಜ, ಮಂತ್ರವಾದಿ, ಕತ್ತಿವರಸೆ ಗೊತ್ತು ಅಂದೆ. "ಹಂ" ಅಂದ್ರು. ಐದು ನಿಮಿಷ ಬಿಟ್ಟು ನಾನು ಎದುರಾಳಿಗೆ ಅಣಕಿಸೋ ಬಟನ್ ಒತ್ತಿದೆ, ಗ್ಯಾನನ್‌ಡಾರ್ಫ್ ಕತ್ತಿ ತೆಗೆದು ಅದನ್ನ ಒಂದ್ಸಲ ಮೆಚ್ಚಿ ನೋಡಿ ವಾಪಸ್ ಇಟ್ಟ, ಇಟ್ಟು ಪುನಃ ಗುದ್ದೋಕೆ ಶುರು ಮಾಡಿದ.

ಮಾವನ ಅಡಕತ್ತರಿ ನಿಂತ್ಹೋಯ್ತು. "ಅವಂಗೆ ಕತ್ತಿ ಇದ್ದಲಾ ತಮಾ, ಮತ್ತೆ ಎಂತಕ್ಕೆ ಗುದ್ತ?"

ನಂಗೆ ಉತ್ತರ ಗೊತ್ತಿತ್ತು. 2001 ರ ಮೆಲೀ ಅನ್ನೋ ಸ್ಮ್ಯಾಶಲ್ಲಿ ಕೊನೇ ಹೊತ್ತಿಗೆ ಪಾತ್ರ ಹೆಚ್ಚು ಮಾಡೋಕೆ, ಇದ್ದ ಪಾತ್ರಗಳ ಅಚ್ಚಿನಲ್ಲೇ ಆರು ಪಾತ್ರ ಹೊಯ್ದಿದ್ರು, ಅದ್ರಲ್ಲಿ ಗ್ಯಾನನ್‌ಡಾರ್ಫಿಗೆ ಸಿಕ್ಕಿದ್ದು ಕ್ಯಾಪ್ಟನ್ ಫಾಲ್ಕನ್‌ನ ಅಚ್ಚು, ಮೈಕಟ್ಟು ಹೆಚ್ಚುಕಡಿಮೆ ಹೊಂದ್ತಿತ್ತು. ಹಾಗಾಗಿ ಫಾಲ್ಕನ್ ಗುದ್ದೋದನ್ನೇ ಇವನು ನಿಧಾನಕ್ಕೆ, ಜೋರಾಗಿ ಗುದ್ತಾನೆ. ಇದನ್ನೆಲ್ಲ ಮಾವಂಗೆ ಹೇಳಿದೆ. ಅವ್ರು ಪೂರ್ತಿ ಕೇಳಿದ್ರು, ಕವಳ ಉಗಿದು ಬಂದ್ರು, ಬಂದು ಹೇಳಿದ್ರು, "ಅಂದ್ರೆ ಬೇರೆಯವರ ಹೆಜ್ಜೆ ಕುಣಿತಾ ಇದ್ದ ಹೇಳಿ ಆತು. ವೇಷ ಚಲೋ ಇದ್ದು. ಹೆಜ್ಜೆ ಅವಂದಲ್ಲ."

ವರ್ಷಗಟ್ಟಲೆ ಜಗತ್ತಿನ ಅಭಿಮಾನಿಗಳು ಪುಟಗಟ್ಟಲೆ ಬರೆದ ದೂರನ್ನ, ಕಂಟ್ರೋಲರ್ ಮುಟ್ಟದ ಮನುಷ್ಯ ಒಂದು ಕವಳದ ಹೊತ್ತಲ್ಲಿ ಹೇಳಿ ಮುಗಿಸಿದ್ರು. ಅವತ್ತಿಂದ ನಂಗೆ ಯಾವ ಪಾತ್ರ ನೋಡಿದ್ರೂ ಅದೇ ಪ್ರಶ್ನೆ.

ಇದರ ಇನ್ನೊಂದು ಮುಖ ಇದೆ, ಅದು ನಂಗೆ ಇನ್ನೂ ಇಷ್ಟ. ಈ ಕ್ಯಾಪ್ಟನ್ ಫಾಲ್ಕನ್ ಯಾರು? 1990 ರ ಎಫ್-ಝೀರೋ ಅನ್ನೋ ರೇಸಿಂಗ್ ಗೇಮಿನ ಡ್ರೈವರ್. ಆ ಗೇಮಲ್ಲಿ ನಾವು ಓಡಿಸೋದು ಗಾಡಿ, ಅವನು ಗಾಡಿ ಇಳಿದು ಯಾರಿಗೂ ಗುದ್ದೋದೇ ಇಲ್ಲ. ಅವನಿಗೆ ಹೆಜ್ಜೆ ಅಂತ ಒಂದು ಇರಲೇ ಇಲ್ಲ! ಸ್ಮ್ಯಾಶ್ ನಿರ್ದೇಶಕ ಮಸಾಹಿರೋ ಸಕುರಾಯ್ ಮತ್ತೆ ಅವ್ರ ತಂಡ 1999 ರಲ್ಲಿ ಅವನಿಗೊಂದು ಓಟ, ಒಂದು ಒದೆ, ಆ ಬೆಂಕಿ ಹಕ್ಕಿಯ ಗುದ್ದು ಎಲ್ಲ ಹುಟ್ಟಿಸಿ ಕೊಟ್ರು. ಫಾಲ್ಕನ್ ಪಂಚ್ ಹುಟ್ಟಿದ್ದೇ ಸ್ಮ್ಯಾಶಲ್ಲಿ. ಇವತ್ತು ಆ ಹೆಜ್ಜೆ ಬಿಟ್ಟು ಅವನನ್ನ ನೆನೆಸ್ಕೊಳ್ಳೋಕೆ ಆಗಲ್ಲ. ಅಂದ್ರೆ ಏನಾಯ್ತು, ಹೆಜ್ಜೆ ಇಲ್ಲದವನಿಗೆ ಹೆಜ್ಜೆ ಹುಟ್ಟಿಸಿದ್ರು, ಹೆಜ್ಜೆ ಇದ್ದವನಿಗೆ, ಜೆಲ್ಡಾ ಸರಣಿಯ 1998 ರ ಒಕರಿನಾ ಗೇಮಲ್ಲಿ ಗಾಳಿಯಲ್ಲಿ ತೇಲ್ತಾ ಬೆಳಕಿನ ಉಂಡೆ ಎಸೀತಿದ್ದ ರಾಜನಿಗೆ, ಆ ಡ್ರೈವರ್‌ನ ಹೆಜ್ಜೆ ಕಡ ಕೊಟ್ರು. ಸಮಯ ಇರಲಿಲ್ಲ, ಗೊತ್ತು, ಮೂಲ ಪಾತ್ರವೇ ಇಲ್ಲದ್ದಕ್ಕಿಂತ ಕಡದ ಹೆಜ್ಜೆಯಾದ್ರೂ ಬಂತಲ್ಲ ಅಂತ ಹೇಳೋರು ಇದ್ದಾರೆ, ಆ ಮಾತಲ್ಲಿ ನ್ಯಾಯ ಇದೆ. ಒಂದು ರಾತ್ರಿಗೆ ವೇಷಧಾರಿ ಬರದೆ ಇದ್ರೆ ಬೇರೆಯವ್ರು ಹೊಂದಿಸ್ಕೊಂಡು ಹೋಗ್ತಾರೆ, ಸರಿ. ಆದ್ರೆ ಹದಿನೇಳು ವರ್ಷ ಹೊಂದಿಸ್ಕೊಂಡು ಹೋಗೋದಾ?

ಈಗ ರಿಡ್ಲಿ. ಹಿಂದಿನ ಬೆಂಚಲ್ಲಿ ಒಬ್ಬ ಹುಡುಗ ಕೈ ಎತ್ತಿ ಎತ್ತಿ ಇಳಿಸ್ತಾ ಇದ್ದಾನೆ, ಬಂದೆ ಮಾರಾಯ. ಮೆಟ್ರಾಯ್ಡ್ ಗೇಮಿನ ಆ ರೆಕ್ಕೆಯ ಡ್ರ್ಯಾಗನ್ನು ಕಣಕ್ಕೆ ತುಂಬ ದೊಡ್ಡದು ಅಂತ ಸಕುರಾಯ್ ಅವ್ರೇ ಹೇಳ್ತಿದ್ರು, ವರ್ಷಗಟ್ಟಲೆ ಜಗಳ. ಅಭಿಮಾನಿಗಳ ಎದುರು ವಾದ ಚಂದ ಇತ್ತು, ಪಿಕ್‌ಮಿನ್ ಗೇಮಿನ ಒಲಿಮಾರ್ ಇದ್ದಾನಲ್ಲ, ಅವನು ಎರಡು ಸೆಂಟಿಮೀಟರ್ ಕೂಡ ಇಲ್ಲ, ಅವನನ್ನ ಹಿಗ್ಗಿಸಿ 2008 ರಲ್ಲೇ ತಂದ್ರಲ್ಲ, ಕುಗ್ಗಿಸೋಕೆ ಯಾಕಾಗಲ್ಲ? ಮುಂದಿನ ಸಾಲಿನವ್ರು ಈಗ ನಗ್ತಾ ಇದ್ದೀರಿ, ಯಾಕಂದ್ರೆ ನಿಮ್ಮ ಘಟೋತ್ಕಚ ಎಷ್ಟು ಎತ್ತರ? ಐದೂವರೆ ಅಡಿ. ಬಣ್ಣದ ವೇಷ, ಅಂದ್ರೆ ರಾಕ್ಷಸ ವೇಷ, ದೊಡ್ಡದಾಗೋದು ಅಡಿ ಲೆಕ್ಕದಲ್ಲಿ ಅಲ್ಲ. ತೆರೆ ಹಿಂದಿಂದ ಒಂದು ಅಬ್ಬರ, ಚಂಡೆ ಏರಬೇಕು, ತೆರೆ ಮೇಲೆ ಕಿರೀಟದ ತುದಿ ಕಾಣ್ಬೇಕು, ಮಕ್ಕಳು ಅಮ್ಮನ ಸೆರಗು ಹಿಡೀಬೇಕು, ಆಮೇಲೆ ವೇಷ. ಅಷ್ಟೊತ್ತಿಗೆ ಅವನು ರಂಗಸ್ಥಳಕ್ಕಿಂತ ದೊಡ್ಡೋನಾಗಿರ್ತಾನೆ. 2018 ರ ಜೂನಲ್ಲಿ ರಿಡ್ಲಿನ ತೋರಿಸಿದಾಗ ಅವ್ರೂ ಮಾಡಿದ್ದು ಅದೇ ಜಾತಿಯ ಕೆಲಸ, ಕೊನೆಗೆ ಮಾರಿಯೋನ ಟೊಪ್ಪಿ ಅವನ ಉಗುರಲ್ಲಿ. ಗೇಮ್ ಒಳಗೆ ಏನು ಮಾಡಿದ್ರು ನೋಡಿ, ಬೆನ್ನು ಬಾಗಿಸಿಬಿಟ್ರು. ಹಾರೋ ಮೊದಲು ಮೈ ಮುದುಡಿದ ಹದ್ದಿನ ಹಾಗೆ ಕೂತಿರ್ತಾನೆ. ಬಾಗಿದ ಬೆನ್ನು ನೋಡಿದ್ರೆ ಎದ್ದು ನಿಂತ್ರೆ ಎಷ್ಟಾಗ್ತಾನೋ ಅಂತ ಭಯ ಆಗ್ತದೆ. ಕುಗ್ಗಿಸಿದ್ದೇ ದೊಡ್ಡದು ಮಾಡಿತು. ಹೆಜ್ಜೆ ಅವನದ್ದೇ ಉಳೀತು.

ಆಕಾರದ ಬಗ್ಗೆ ಒಂದು ಮಾತು. ಹೋಳಿ ಹೊತ್ತಿಗೆ ನಮ್ಮ ಪೇಟೆಯಲ್ಲಿ ಬೇಡರ ವೇಷ, ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ. ನೂಕುನುಗ್ಗಲಲ್ಲಿ ಮುಖ ಯಾರಿಗೆ ಕಾಣ್ತದೆ? ದೂರದಿಂದ ಬೆನ್ನ ಮೇಲಿನ ನವಿಲುಗರಿ ಕಾಣ್ತದೆ, ತಮಟೆ ಕೇಳ್ತದೆ, ಹಿಂದಿಂದ ಹಗ್ಗ ಹಿಡಿದವ್ರನ್ನ ಎಳೆದಾಡ್ಕೊಂಡು ನುಗ್ಗೋ ಆ ಮೈ ಕಾಣ್ತದೆ, ಸಾಕು. ಮೂರು ವರ್ಷದ ಮಗು ಹೇಳ್ತದೆ ಬೇಡ ಬಂದ ಅಂತ. ಸ್ಮ್ಯಾಶಲ್ಲಿ ಹೊಸ ಎದುರಾಳಿ ಬಂದ ಅಂತ ಕಪ್ಪು ನೆರಳು ತೋರಿಸ್ತಾರಲ್ಲ, ಅದೂ ಇದೇ ಪರೀಕ್ಷೆ. ನೆರಳಲ್ಲಿ ಗುರುತು ಸಿಗದ ಪಾತ್ರಕ್ಕೆ ಎಷ್ಟು ಜರಿ ಹೊಲಿದ್ರೂ ಅಷ್ಟೇ.

ಇನ್ನು ಮಾರ್ವೆಲ್ ವರ್ಸಸ್ ಕ್ಯಾಪ್ಕಾಮ್, ಮಾರ್ವೆಲ್ ಹೀರೋಗಳೂ ಕ್ಯಾಪ್ಕಾಮ್ ಕಂಪನಿಯ ಗೇಮಿನ ಪಾತ್ರಗಳೂ ಹೊಡೆದಾಡೋ ಗೇಮು. 2017 ರ ಇನ್ಫಿನಿಟ್ ಬಂದಾಗ ಜಗಳ ಎಲ್ಲ ಸ್ಟ್ರೀಟ್ ಫೈಟರಿಂದ ಬಂದ ಚುನ್-ಲೀ ಮುಖದ ಮೇಲೆ, ಡೆಮೋದಲ್ಲಿ ಮುಖ ಅಷ್ಟು ಕೆಟ್ಟಿತ್ತು, ಸೆಪ್ಟೆಂಬರ್ ಬಿಡುಗಡೆ ಹೊತ್ತಿಗೆ ಸರಿ ಮಾಡಿದ್ರು. ಜನ ಕೂಗಿದ್ದಕ್ಕೇ ಸರಿಯಾಗಿದ್ದು, ಒಳ್ಳೇದು. ಆದ್ರೆ ನಂಗೆ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಎಕ್ಸ್-ಮೆನ್ ಪಾತ್ರ ಒಂದೂ ಇರಲಿಲ್ಲ, ಅದಕ್ಕೆ ಕಂಪನಿ ಕಡೆಯಿಂದ ಬಂದ ಸಮರ್ಥನೆ ಏನು ಅಂದ್ರೆ, ಪಾತ್ರ ಅಂದ್ರೆ ಕೊನೆಗೆ ಅದು ಮಾಡೋ ಕೆಲಸ, ಮ್ಯಾಗ್ನೆಟೋ ಇಷ್ಟ ಅಂದ್ರೆ ಅವನು ಎಂಟು ದಿಕ್ಕಿಗೆ ಹಾರ್ತಾನೆ ಅಂತ ಇಷ್ಟ, ಹಾಗೆ ಹಾರೋ ಬೇರೆಯವ್ರು ಇದ್ದಾರಲ್ಲ ಅನ್ನೋ ಅರ್ಥದ್ದು. ಗದೆ ಬೀಸೋಕೆ ಯಾರಾದ್ರೂ ಆಗ್ತದೆ ಅಂತ ಗದಾಯುದ್ಧಕ್ಕೆ ನಕುಲನ್ನ ಕಳಿಸ್ತೀರಾ?

ಇಲ್ಲಿ ಒಬ್ಬ ಹುಡುಗ ನನ್ನನ್ನ ಹಿಡಿದಿದ್ದ, ಸರ್ ನೀವೂ ಬಟ್ಟೆ ಅಲ್ಲ ಹೆಜ್ಜೆ ಅಂತೀರಿ, ಅವ್ರೂ ಮುಖ ಅಲ್ಲ ಕೆಲಸ ಅಂತಾರೆ, ಎರಡೂ ಒಂದೇ ಅಲ್ವಾ ಅಂತ. ಒಳ್ಳೇ ಪ್ರಶ್ನೆ, ಎರಡು ದಿನ ತಲೆ ತಿಂತು. ಒಂದೇ ಅಲ್ಲ. ಹಾರೋದು ಕೆಲಸ, ಹೆಂಗೆ ಹಾರ್ತಾನೆ ಅನ್ನೋದು ಹೆಜ್ಜೆ. ಭಸ್ಮಾಸುರ ತಲೆ ಮೇಲೆ ಕೈ ಇಡೋದು ಕೆಲಸ, ಅದನ್ನ ಯಾರು ಬೇಕಾದ್ರೂ ಇಡಬಹುದು. ಯಕ್ಷಗಾನದ ಚಿಟ್ಟಾಣಿಯವ್ರು ಭಸ್ಮಾಸುರನಾಗಿ ಮೋಹಿನಿ ಹಿಂದೆ ಕುಣೀತಾ ಕುಣೀತಾ ತನ್ನನ್ನೇ ಮರೀತಾ ಹೋಗಿ ಆ ಕೈ ತಲೆಗೆ ಬರೋ ಹೊತ್ತಿಗೆ ನಮಗೆ ಅಯ್ಯೋ ಅನ್ನಿಸ್ತಿತ್ತಲ್ಲ, ಅದು ಹೆಜ್ಜೆ. ಕೆಲಸವನ್ನ ಪಟ್ಟಿ ಮಾಡಬಹುದು. ಹೆಜ್ಜೆನ ಇನ್ನೊಬ್ಬನಿಗೆ ದಾಟಿಸಿದ್ರೆ ಮೊದಲ್ನೇಯವ್ನೇ ನೆನಪಾಗ್ತಾನೆ, ಗ್ಯಾನನ್‌ಡಾರ್ಫ್ ಗುದ್ದಿದ್ರೆ ಫಾಲ್ಕನ್ ನೆನಪಾದ ಹಾಗೆ.

ಆದ್ರೆ ಹೆಜ್ಜೆ ಮೂಲಕ್ಕೆ ನಿಷ್ಠವಾಗಿದ್ರೆ ಸಾಕು ಅಂತಲೂ ನಾನು ಹೇಳಲ್ಲ. ಮಿಸ್ಟರ್ ಗೇಮ್ ಅಂಡ್ ವಾಚ್ ಇದ್ದಾನೆ, ಕಾಗದದಷ್ಟು ಚಪ್ಪಟೆ. 2018 ರ ಸ್ಮ್ಯಾಶ್ ಅಲ್ಟಿಮೇಟಲ್ಲಿ ಅವನು ಪ್ರತಿ ಹೊಡೆತಕ್ಕೂ ಹಳೇ ಪುಟಾಣಿ ಗೇಮುಗಳ ಮೂಲ ಆಕಾರಕ್ಕೇ ಬದಲಾಗ್ತಾನೆ, ಎಷ್ಟು ಪ್ರೀತಿಯಿಂದ ಮಾಡಿದ ಕೆಲಸ! ಆದ್ರೆ 1982 ರ ಫೈರ್ ಅಟ್ಯಾಕ್ ಅನ್ನೋದ್ರಲ್ಲಿ ದೊಂದಿ ಹಿಡಿದು ಬರೋದು ಅಮೆರಿಕದ ಮೂಲನಿವಾಸಿಗಳು, ಹಾಗಾಗಿ ಅವನ ತಲೆ ಮೇಲೆ ಗರಿಯೂ ಬಂತು. ಜನ ಆಕ್ಷೇಪ ಎತ್ತಿದ್ರು, 2018 ರ ನವೆಂಬರಲ್ಲಿ ನಿಂಟೆಂಡೊ ಕ್ಷಮೆ ಕೇಳ್ತು, ಆಮೇಲೆ ಗರಿ ತೆಗೀತು. ಮೂಲದಲ್ಲೇ ಇತ್ತಲ್ಲ ಅಂತ ಕೆಲವ್ರು ಗಲಾಟೆ ಮಾಡಿದ್ರು. ಮೂಲದಲ್ಲಿ ಇದ್ದದ್ದೇ ತಪ್ಪು. ನಮಗೆ ಇದು ಬೇಗ ಅರ್ಥ ಆಗ್ಬೇಕು, 1991 ರಿಂದ ಸ್ಟ್ರೀಟ್ ಫೈಟರಲ್ಲಿ ನಮ್ಮ ಪರವಾಗಿ ನಿಂತವನು ಧಾಲ್ಸಿಮ್, ಕೊರಳಲ್ಲಿ ತಲೆಬುರುಡೆ, ಬಾಯಲ್ಲಿ ಬೆಂಕಿ, ಹೆಸರಿಗೆ ಯೋಗ. ಆ ರಬ್ಬರಿನ ಹಾಗೆ ಚಾಚೋ ಕೈ ಇದೆಯಲ್ಲ, ಆ ಹೆಜ್ಜೆ ಅಪ್ಪಟ, ನೆರಳಲ್ಲೂ ಗುರುತು ಸಿಗ್ತದೆ, ನಾನು ಅವನನ್ನೇ ಆಡೋದು. ಬುರುಡೆ ಸರ ಮಾತ್ರ ನಂಗೆ ಇವತ್ತಿಗೂ ಕಸಿವಿಸಿ.

ಚೀಟಿ ಬಂತು, ಹತ್ತು ನಿಮಿಷ ಅಂತ ಇದೆ, ಇಲ್ಲ, ಐದು. ಕತ್ತಿ ಹಿಡಿದವ್ರೇ ಜಾಸ್ತಿಯಾದ್ರು ಅಂತ 2020 ರಲ್ಲಿ ಬೈಲೆತ್ ಅನ್ನೋ ಇನ್ನೊಂದು ಕತ್ತಿಯ ಪಾತ್ರ ಸ್ಮ್ಯಾಶಿಗೆ ಬಂದಾಗ ಎದ್ದ ಜಗಳ ಹೇಳ್ಬೇಕಿತ್ತು, ಬಿಡ್ತೀನಿ, ಅಲ್ಲೂ ಕತ್ತಿ ಎಷ್ಟು ಅಂತ ಎಣಿಸಬೇಡಿ, ಹೆಜ್ಜೆ ಎಷ್ಟು ಅಂತ ಎಣಿಸಿ. ಅದೇ ವರ್ಷ ಮೈನ್‌ಕ್ರಾಫ್ಟಿನ ಸ್ಟೀವ್ ಬಂದ, ಇಟ್ಟಿಗೆ ಇಡೋದು ಅವನ ಹೆಜ್ಜೆ ಅಂತ ಇದ್ದಬದ್ದ ಎಲ್ಲಾ ಕಣಗಳನ್ನೂ ತಿದ್ದಿದ್ರು, ಅತಿಥಿಗೆ ಅಷ್ಟು ಮರ್ಯಾದೆ. ತಾಳಮದ್ದಳೆ ಬಗ್ಗೆಯೂ ಬರ್ಕೊಂಡಿದ್ದೆ, ಬಣ್ಣ ಇಲ್ಲ, ಕಿರೀಟ ಇಲ್ಲ, ಪಂಚೆ ಶಾಲಲ್ಲಿ ಕೂತ ಕರ್ಣ ಕರ್ಣನೇ ಆಗಿರ್ತಾನೆ, ಅದು ಮುಂದಿನ ಸಾಲಿನವ್ರು ನನಗಿಂತ ಚೆನ್ನಾಗಿ ಹೇಳ್ತಾರೆ.

ಮಾವನ ಕಥೆ ಮುಗಿಸಿ ಇಳೀತೀನಿ. 2018 ರ ಡಿಸೆಂಬರಲ್ಲಿ ಅಲ್ಟಿಮೇಟ್ ಬಂತು, ಗ್ಯಾನನ್‌ಡಾರ್ಫ್ ಒಕರಿನಾದ ವೇಷಕ್ಕೆ ವಾಪಸ್ ಬಂದ, ದೊಡ್ಡ ಹೊಡೆತ ಮೂರಕ್ಕೂ ಕತ್ತಿ ಬಂತು. ನಾನು ಅದನ್ನ ತೋರಿಸೋಕೆ ಅಂತಲೇ ಮಾವನ ಮನೆಗೆ ಹೋದೆ. ಮಾವ ಕನ್ನಡಕ ಹಾಕ್ಕೊಂಡು ಹತ್ತಿರ ಕೂತ್ರು. ಕತ್ತಿ ಬೀಸಿದೆ. "ಹಾಂ, ಈಗ ಕೈ ಸರಿಯಾತು" ಅಂದ್ರು. ನಂಗೆ ಎಷ್ಟು ಖುಷಿ. ಆಮೇಲೆ ನಾನು ಮರೆತು ವಾರ್‌ಲಾಕ್ ಪಂಚ್ ಒತ್ತಿಬಿಟ್ಟೆ, ಫಾಲ್ಕನ್‌ದೇ ಗುದ್ದು, ನಿಧಾನಕ್ಕೆ ತಿರುಗಿ ಬಂತು. ಮಾವ ಅಡಕತ್ತರಿ ಕೈಗೆತ್ಕೊಂಡ್ರು.

"ಕಾಲು ಇನ್ನೂ ಬರವು ತಮಾ."

ನಮಸ್ಕಾರ. ರಿಡ್ಲಿ ಹುಡುಗ, ನೀನು ಮೊದಲು ಕೇಳು.