ಎಕೋ ರಿಪೋರ್ಟ್‌ನಲ್ಲಿ 60% ಅಂತಿದ್ರೆ ಉಳಿದ 40% ಎಲ್ಲಿ ಹೋಯ್ತು?

[ಸ್ಟೀಲ್ ತಟ್ಟೆಯಲ್ಲಿ ಕುರಿಯ ಗುಂಡಿಗೆ. ಪಕ್ಕದಲ್ಲಿ ಹೆಸರು ಮುಚ್ಚಿದ ಎಕೋ ರಿಪೋರ್ಟ್.]

ನಮಸ್ಕಾರ. ಜಯನಗರದಲ್ಲಿ ಮಾಡಿಸಿ, ಯಲಹಂಕದಲ್ಲಿ ಮಾಡಿಸಿ, ಎಕೋ, ಅಂದ್ರೆ ಹೃದಯದ ಸ್ಕ್ಯಾನ್ ರಿಪೋರ್ಟ್‌ನಲ್ಲಿ ಈ ಸಾಲಂತೂ ಇರುತ್ತೆ: ಇಎಫ್ 60%. ಇಎಫ್ ಅಂದ್ರೆ ಎಜೆಕ್ಷನ್ ಫ್ರ್ಯಾಕ್ಷನ್, ಹೃದಯದ ಕೋಣೆಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಆಚೆ ಹೋಗೋ ಪಾಲು. ಅದನ್ನ ಓದಿ "ಅಪ್ಪಂದು ಹಾರ್ಟು ಅರವತ್ತೇ ಪರ್ಸೆಂಟ್ ಕೆಲಸ ಮಾಡ್ತಿದ್ಯಂತೆ" ಅಂತ ಫ್ಯಾಮಿಲಿ ಗ್ರೂಪಿಗೆ ಹಾಕಿ ಎಲ್ಲರ ನಿದ್ದೆ ಕೆಡಿಸೋರು ಕಮ್ಮಿ ಇಲ್ಲ. 60 ಅಂದ್ರೆ ನಾರ್ಮಲ್. ಯಾಕೆ ಅಂತ ಕೊಯ್ದೇ ನೋಡೋಣ.

ಈ ಗುಂಡಿಗೆ ಶಿವಾಜಿನಗರದ ರಸೆಲ್ ಮಾರ್ಕೆಟ್‌ದು. "ಸೀಳ್ಬೇಡಿ ಭಾಯ್, ಮೇಲಿನ ಕೊಳವೆನೂ ತೆಗೀಬೇಡಿ" ಅಂತ ಮೊದಲೇ ಹೇಳ್ಬೇಕು, ಇಲ್ಲಾಂದ್ರೆ ಸಾರಿಗೆ ಅಂದ್ಕೊಂಡು ಕ್ಲೀನ್ ಮಾಡಿ ಕೊಟ್ಬಿಡ್ತಾರೆ. ನಮ್ಮದಕ್ಕಿಂತ ಚಿಕ್ಕದು, ಕೋಣೆ ಮಾತ್ರ ಅಷ್ಟೇ: ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ.

[ಕ್ಲೋಸಪ್: ಬೆರಳಲ್ಲಿ ಒತ್ತುವುದು, ನಂತರ ಅಡ್ಡಕ್ಕೆ ಕೊಯ್ಯುವುದು.]

ಬಲಗಡೆ ಒತ್ತಿದ್ರೆ ಬೆರಳು ಒಳಕ್ಕೆ ಹೋಗುತ್ತೆ. ಎಡಗಡೆ ಜಗ್ಗಲ್ಲ. ಕೊಯ್ದ ಮೇಲೆ ನೋಡಿ, ಎಡಗೋಡೆ ಎಷ್ಟು ದಪ್ಪ ಇದೆ, ಬಲಗೋಡೆ ಎಷ್ಟು ತೆಳು! ಮನುಷ್ಯರಲ್ಲಿ ಎಡಗಡೆ ಸುಮಾರು 1 ಸೆಂ.ಮೀ., ಬಲಗಡೆ 3ರಿಂದ 5 ಮಿ.ಮೀ. ಮಜಾ ಏನಂದ್ರೆ, ಎರಡೂ ಹೊರಗೆ ತಳ್ಳೋ ರಕ್ತ ಒಂದೇ ಅಳತೆ: ಬಡಿತಕ್ಕೆ ಹೆಚ್ಚುಕಮ್ಮಿ 70 ಮಿ.ಲೀ. ಬಲಗಡೆಯಿಂದ ಪಕ್ಕದ ಶ್ವಾಸಕೋಶಕ್ಕೆ ಹೋದ್ರೆ ಆಯ್ತು, ಬಿ.ಪಿ. ಅಳೆಯೋ ಲೆಕ್ಕದಲ್ಲಿ ಒತ್ತಡ 25ರಷ್ಟು ಸಾಕು. ಎಡಗಡೆಯಿಂದ ನೆತ್ತಿಗೂ ಹೋಗ್ಬೇಕು, ಪಾದಕ್ಕೂ ಹೋಗ್ಬೇಕು. ಅದಕ್ಕೆ 120. ಸಂಪಿನಿಂದ ಟ್ಯಾಂಕಿಗೆ ನೀರೆತ್ತೋ ಮೋಟರೇ ಬೇರೆ, ತೊರೆಕಾಡನಹಳ್ಳಿಯಿಂದ ಕಾವೇರಿನ ಬೆಂಗಳೂರಿಗೆ ಹತ್ತಿಸೋ ಪಂಪೇ ಬೇರೆ ಅಲ್ವಾ?

ಈಗ ಪರ್ಸೆಂಟ್‌ಗೆ ಬರೋಣ. ಎಡ ಹೃತ್ಕುಕ್ಷಿ ತುಂಬಿದಾಗ ಒಳಗೆ ಸುಮಾರು 120 ಮಿ.ಲೀ. ಇರುತ್ತೆ. ಹಿಂಡಿದಾಗ 70 ಆಚೆ ಹೋಗುತ್ತೆ, 50 ಅಲ್ಲೇ ಉಳಿಯುತ್ತೆ. 120ರಲ್ಲಿ 70, ಲೆಕ್ಕ ಹಾಕಿ: 58%. ಇದೇ ಇಎಫ್. ಎಂಥ ಗಟ್ಟಿಮುಟ್ಟಾದ ಹೃದಯವೂ ಪೂರ್ತಿ ಖಾಲಿ ಆಗಲ್ಲ. 55ರಿಂದ 70 ಸಾಮಾನ್ಯ. 40ಕ್ಕಿಂತ ಕೆಳಗಿಳಿದ್ರೆ ಹಿಂಡೋ ಶಕ್ತಿ ಕುಗ್ಗಿದೆ ಅಂತ. ಯಾರಿಗಾದ್ರೂ 100 ಬಂದಿದ್ರೆ ಅದು ಟೈಪಿಂಗ್ ತಪ್ಪು.

ಹಾಗಂತ ಇಎಫ್ ಚೆನ್ನಾಗಿದ್ರೆ ಎಲ್ಲ ಸರಿ ಅಂತಲೂ ಅಲ್ಲ. ವರ್ಷಗಟ್ಟಲೆ ಬಿ.ಪಿ. ಇದ್ದೋರಿಗೆ ಎಡಗೋಡೆ ಇನ್ನೂ ದಪ್ಪ ಆಗಿ ಬಿರುಸಾಗಬಹುದು. ಅದು ಹಿಂಡುತ್ತೆ, ಸಡಿಲ ಆಗಿ ತುಂಬಿಕೊಳ್ಳೋಕೆ ಒದ್ದಾಡುತ್ತೆ. ಇಎಫ್ 65 ಇರುತ್ತೆ, ಎರಡು ಮಹಡಿ ಹತ್ತಿದ್ರೆ ಏದುಸಿರು! ಇಎಫ್ ಒಂದನ್ನೇ ದಪ್ಪಕ್ಷರದಲ್ಲಿ ಹಾಕೋದು ನನಗೇನೋ ಸರಿ ಕಾಣಲ್ಲ.

[ರಿಪೋರ್ಟಿನ ಕೊನೆಯ ಸಾಲುಗಳು. ಎಡ ಹೃತ್ಕರ್ಣದ ಮೂಲೆಯ ಪುಟ್ಟ ಚೀಲವನ್ನು ಚಿಮಟದಲ್ಲಿ ಎತ್ತಿ ತೋರಿಸುವುದು.]

ಕೆಳಗೆ 'ನೋ ಕ್ಲಾಟ್' ಅಂತಿದೆ. ಈ ಪುಟ್ಟ ಚೀಲ ನೋಡಿ. ಹೃತ್ಕರ್ಣ ಲಯ ತಪ್ಪಿ ಬರೀ ಅದುರ್ತಾ ಇದ್ರೆ ರಕ್ತ ಇಲ್ಲಿ ನಿಂತು ಹೆಪ್ಪುಗಟ್ಟಬಹುದು. ಆ ಚೂರು ಮೆದುಳಿಗೆ ಹೋದ್ರೆ ಪಾರ್ಶ್ವವಾಯು. ಎದೆ ಮೇಲಿಂದ ಮಾಡೋ ಎಕೋದಲ್ಲಿ ಈ ಮೂಲೆ ಸರಿಯಾಗಿ ಕಾಣಲ್ಲ. ಅನುಮಾನ ಬಂದ್ರೆ ಡಾಕ್ಟರು ಅನ್ನನಾಳದೊಳಗೆ ಕೊಳವೆ ಇಳಿಸಿ ಹಿಂದಿನಿಂದ ನೋಡ್ತಾರೆ.

ಅದರ ಪಕ್ಕ 'ನೋ ಪಿಇ'. ಪಿಇ ಅಂದ್ರೆ ಪೆರಿಕಾರ್ಡಿಯಲ್ ಎಫ್ಯೂಷನ್, ಹೃದಯದ ಸುತ್ತ ದ್ರವ ತುಂಬೋದು. ಇದು ಹೃದಯದ ಹೊರಗಿನ ಜಾಗದ ವಿಷಯ. ಹೃದಯಕ್ಕೆ ಸುತ್ತಿರೋ ಎರಡು ಪದರದ ಪೊರೆಯ ನಡುವೆ ಮಾಮೂಲಿಯಾಗಿ ಒಂದೆರಡು ದೊಡ್ಡ ಚಮಚದಷ್ಟು ದ್ರವ ಇರುತ್ತೆ. ನಿಧಾನಕ್ಕೆ ತುಂಬಿದ್ರೆ ಪೊರೆ ಹಿಗ್ಗಿ, ಒಂದು ಲೀಟರ್‌ವರೆಗೂ ತಡ್ಕೊಳ್ಳಬಹುದು. ಏಟು ಬಿದ್ದು ದಿಢೀರಂತ 200 ಮಿ.ಲೀ. ರಕ್ತ ಸೇರಿದ್ರೂ ಜೀವಕ್ಕೆ ಅಪಾಯ: ಹಿಗ್ಗೋಕೆ ಟೈಮೇ ಇರಲ್ಲ, ಹೃದಯ ಅದುಮಿಹೋಗುತ್ತೆ. ಸಾಮಾನ್ಯವಾಗಿ ಮೊದಲು ಕುಸಿಯೋದು ಬಲಗಡೆ ಕೋಣೆಗಳು, ಗೋಡೆ ತೆಳು ಇರೋದು ಅಲ್ಲೇ ತಾನೇ.