ಸಕ್ಕರೆ ಸೀಮೆಯ ತ್ಯಾಜ್ಯ ನೀರಿನಲ್ಲಿ ಉಳಿದಿರುವ ಜಲಜನಕ

ಮಾನ್ಯ ಸಭಿಕರೇ,

ಕಬ್ಬು ನುರಿಸುವ ಹಂಗಾಮಿನಲ್ಲಿ ಗೋಕಾಕ, ಮುಧೋಳ, ಜಮಖಂಡಿಯ ಕಡೆ ಓಡಾಡುವವರಿಗೆಲ್ಲ ಕಾರ್ಖಾನೆಗಳ ಸುತ್ತಲಿನ ಹುಳಿ ವಾಸನೆಯ ಪರಿಚಯವಿದೆ. ನೀರಿಗೆ ಸೇರಿದ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳು ಅಸಿಟಿಕ್, ಬ್ಯುಟಿರಿಕ್ ಮೊದಲಾದ ಆಮ್ಲಗಳಾಗಿ ಒಡೆಯುವುದರಿಂದ ಹುಟ್ಟುವ ವಾಸನೆ ಅದು. ಈ ಆಮ್ಲಗಳೇ ಇಂದಿನ ನನ್ನ ವಿಷಯದ ಕೇಂದ್ರ.

ಒಂದು ಗ್ಲೂಕೋಸ್ ಅಣುವನ್ನು ನೀರಿನ ನೆರವಿನಿಂದ ಪೂರ್ತಿಯಾಗಿ ಒಡೆದರೆ ಲೆಕ್ಕದ ಪ್ರಕಾರ 12 ಜಲಜನಕ ಅಣುಗಳು ದೊರೆಯಬೇಕು. ಆದರೆ ಹುದುಗುವಿಕೆಯೊಂದರಿಂದಲೇ ದೊರೆಯುವುದು ಹೆಚ್ಚೆಂದರೆ 4. ಉಳಿದ 8 ಅಣುಗಳಷ್ಟು ಜಲಜನಕ ಅಸಿಟೇಟ್, ಅಂದರೆ ನೀರಿನಲ್ಲಿ ಕರಗಿದ ಅಸಿಟಿಕ್ ಆಮ್ಲದ ರೂಪದಲ್ಲಿ ಅಲ್ಲೇ ಉಳಿದುಬಿಡುತ್ತದೆ. ಅಸಿಟೇಟನ್ನು ಒಡೆದು ಜಲಜನಕ ಬಿಡಿಸುವುದು ಬ್ಯಾಕ್ಟೀರಿಯಾಗಳಿಗೆ ತಾವಾಗಿಯೇ ಲಾಭದ ಕೆಲಸವಲ್ಲ, ಅದಕ್ಕೆ ಹೊರಗಿನಿಂದ ಸ್ವಲ್ಪ ಶಕ್ತಿಯ ಆಸರೆ ಬೇಕು. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬ್ರೂಸ್ ಲೋಗನ್ ಅವರ ತಂಡವೂ ನೆದರ್ಲೆಂಡ್ಸ್‌ನ ವಾಗೆನಿಂಗನ್ ವಿಶ್ವವಿದ್ಯಾಲಯದ ಸಂಶೋಧಕರೂ ಬೇರೆಬೇರೆಯಾಗಿ ತೋರಿಸಿಕೊಟ್ಟ ಸೂಕ್ಷ್ಮಾಣು ವಿದ್ಯುದ್ವಿಭಜನ ಕೋಶವು ಆ ಆಸರೆಯನ್ನು ವಿದ್ಯುತ್ತಿನ ಮೂಲಕ ಒದಗಿಸುತ್ತದೆ.

ಇದರ ರಚನೆ ಸರಳ. ಗಾಳಿಯಾಡದ ತೊಟ್ಟಿಯಲ್ಲಿ ಇಂಗಾಲದ ಎಳೆಗಳಿಂದ ಮಾಡಿದ ಕುಂಚದಂಥ ಆನೋಡ್, ಅಂದರೆ ಎಲೆಕ್ಟ್ರಾನುಗಳನ್ನು ಪಡೆದುಕೊಳ್ಳುವ ಧ್ರುವ ಇರುತ್ತದೆ. ಅದರ ಎಳೆಎಳೆಗೂ ಜಿಯೋಬ್ಯಾಕ್ಟರ್‌ನಂಥ ಜೀವಿಗಳು ಅಂಟಿಕೊಂಡು ಪದರವಾಗಿ ಬೆಳೆಯುತ್ತವೆ. ಚೆನ್ನಾಗಿ ಬೆಳೆದ ಪದರ ನಸುಗೆಂಪಾಗಿ ಕಾಣುತ್ತದೆ. ಆ ಬಣ್ಣಕ್ಕೆ ಕಾರಣವಾದ, ಕಬ್ಬಿಣದ ಅಂಶವುಳ್ಳ ಸೈಟೋಕ್ರೋಮ್ ಪ್ರೋಟೀನುಗಳೇ ಎಲೆಕ್ಟ್ರಾನುಗಳನ್ನು ಜೀವಕೋಶದಿಂದ ಹೊರಕ್ಕೆ, ಆನೋಡಿನ ಕಡೆಗೆ ಸಾಗಿಸುತ್ತವೆ. ನಾವು ಆಮ್ಲಜನಕವನ್ನು ಉಸಿರಾಟಕ್ಕೆ ಬಳಸುವಂತೆ ಈ ಜೀವಿಗಳು ಆನೋಡನ್ನೇ ಬಳಸಿಕೊಳ್ಳುತ್ತವೆ ಎಂಬುದು ನನಗೆ ಈಗಲೂ ಬೆರಗು ಹುಟ್ಟಿಸುವ ಸಂಗತಿ. ತಂತಿಯ ಮೂಲಕ ಇನ್ನೊಂದು ಧ್ರುವವಾದ ಕ್ಯಾಥೋಡನ್ನು ತಲುಪಿದ ಎಲೆಕ್ಟ್ರಾನುಗಳು ನೀರಿನಲ್ಲಿರುವ ಪ್ರೋಟಾನುಗಳೊಂದಿಗೆ ಕೂಡಿದಾಗ ಜಲಜನಕದ ಗುಳ್ಳೆಗಳು ಏಳುತ್ತವೆ.

ವಿದ್ಯುತ್ತಿನ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡೋಣ. ಶುದ್ಧ ನೀರನ್ನು ಒಡೆಯಲು ಸಿದ್ಧಾಂತದ ಪ್ರಕಾರವೇ 1.23 ವೋಲ್ಟ್ ಬೇಕು. ಇಲ್ಲಿ ಅಸಿಟೇಟ್‌ನಲ್ಲಿರುವ ಶಕ್ತಿಯೂ ಕೈಜೋಡಿಸುವುದರಿಂದ ಸಿದ್ಧಾಂತದಲ್ಲಿ 0.14 ವೋಲ್ಟ್‌ನಷ್ಟು ಸಾಕು. ಕೋಶದ ಒಳಗಿನ ತಡೆಗಳಿಂದಾಗಿ ವಾಸ್ತವದಲ್ಲಿ 0.8 ವೋಲ್ಟ್ ಕೊಡಬೇಕಾಯಿತೆಂದು ಇಟ್ಟುಕೊಂಡರೂ, ಎಲೆಕ್ಟ್ರಾನುಗಳು ಪೋಲಾಗದಿದ್ದರೆ ಒಂದು ಕಿಲೋಗ್ರಾಂ ಜಲಜನಕಕ್ಕೆ ಸುಮಾರು 21 ಯೂನಿಟ್ ವಿದ್ಯುತ್ ಸಾಲುತ್ತದೆ. ನೀರಿನ ವಿದ್ಯುದ್ವಿಭಜನೆಗೆ 50 ಯೂನಿಟ್‌ನ ಆಸುಪಾಸು ಬೇಕು.

ನಮ್ಮ ಭಾಗದಲ್ಲಿ ಇದಕ್ಕೆ ತಕ್ಕ ಕಚ್ಚಾವಸ್ತು ಡಿಸ್ಟಿಲರಿಗಳ ಸ್ಪೆಂಟ್‌ವಾಶ್ ಎಂಬುದು ನನ್ನ ಅಭಿಪ್ರಾಯ. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ ಹತ್ತು ಲೀಟರಿನಷ್ಟು ಸ್ಪೆಂಟ್‌ವಾಶ್ ಉಳಿಯುತ್ತದೆ. ಅದರ ಸಿ.ಓ.ಡಿ., ಅಂದರೆ ಸಾವಯವ ಹೊರೆಯ ಅಳತೆ, ಲೀಟರಿಗೆ ಲಕ್ಷ ಮಿಲಿಗ್ರಾಂ ಎಂದು ಹಿಡಿದರೆ ಆ ಹತ್ತು ಲೀಟರಿನಲ್ಲಿ ಗರಿಷ್ಠ 125 ಗ್ರಾಂ ಜಲಜನಕಕ್ಕೆ ಸಾಕಾಗುವಷ್ಟು ಎಲೆಕ್ಟ್ರಾನುಗಳಿವೆ. ಇದರಲ್ಲಿ ಪೊಟ್ಯಾಸಿಯಂ ಲವಣಗಳು ಹೇರಳವಾಗಿರುವುದರಿಂದ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಊರಿನ ಚರಂಡಿ ನೀರಿಗೆ ಈ ಗುಣ ಕಡಿಮೆ. ಆದರೆ ಸ್ಪೆಂಟ್‌ವಾಶ್‌ನಲ್ಲಿನ ಸಲ್ಫೇಟ್ ಎಲೆಕ್ಟ್ರಾನುಗಳಿಗೆ ಪೈಪೋಟಿ ನಡೆಸಿ ಹೈಡ್ರೋಜನ್ ಸಲ್ಫೈಡ್ ಹುಟ್ಟಿಸುತ್ತದೆ, ಕಡುಗಂದು ಬಣ್ಣವೂ ಈ ವಿಧಾನದಿಂದ ಸುಲಭವಾಗಿ ಹೋಗುವುದಿಲ್ಲ.

ಇದಕ್ಕಿಂತ ದೊಡ್ಡ ಅಡ್ಡಿ ಮೀಥೇನ್ ಉತ್ಪಾದಿಸುವ ಜೀವಿಗಳು. ನಾವು ಕಷ್ಟಪಟ್ಟು ಪಡೆದ ಜಲಜನಕವನ್ನು ಅವು ಇಂಗಾಲದ ಡೈಆಕ್ಸೈಡ್‌ನೊಂದಿಗೆ ಸೇರಿಸಿ ಮೀಥೇನ್ ಮಾಡಿಬಿಡುತ್ತವೆ. ಕ್ಯಾಲಿಫೋರ್ನಿಯಾದ ನಾಪಾದಲ್ಲಿ ದ್ರಾಕ್ಷಾರಸದ ಕಾರ್ಖಾನೆಯೊಂದರ ತ್ಯಾಜ್ಯ ನೀರಿಗೆ 1000 ಲೀಟರಿನ ಕೋಶ ಕೂಡಿಸಿದಾಗ ಹೊರಬಂದ ಅನಿಲದ ಬಹುಪಾಲು ಮೀಥೇನೇ ಆಗಿತ್ತು. ಇಂಗ್ಲೆಂಡಿನ ನ್ಯೂಕಾಸಲ್ ಸಂಶೋಧಕರು ಎರಡು ಧ್ರುವಗಳ ನಡುವೆ ತಡೆಪದರವಿಟ್ಟು ಮನೆಬಳಕೆಯ ಕೊಳಚೆ ನೀರಿನ ಮೇಲೆ 120 ಲೀಟರಿನ ಕೋಶ ನಡೆಸಿದಾಗ ಹೆಚ್ಚುಕಡಿಮೆ ಶುದ್ಧ ಜಲಜನಕವೇ ದೊರೆಯಿತು, ಆದರೆ ಅದರಲ್ಲಿದ್ದ ಶಕ್ತಿ ಕೊಟ್ಟ ವಿದ್ಯುತ್ತಿಗಿಂತ ಕಡಿಮೆ. ಈ ಎರಡೂ ಪ್ರಯೋಗಗಳನ್ನು ನಮ್ಮ ಎಂಜಿನಿಯರುಗಳು ಚೆನ್ನಾಗಿ ಓದಿಕೊಳ್ಳಬೇಕು. ಇಂಧನದ ಕಾರ್ಖಾನೆಯೆಂದು ಈ ಕೋಶವನ್ನು ಇಂದೇ ಮಾರಲು ಹೊರಟರೆ ನಿರಾಸೆ ಖಂಡಿತ. ಹೇಗಿದ್ದರೂ ಶುದ್ಧೀಕರಿಸಲೇಬೇಕಾದ ನೀರಿನ ಖರ್ಚಿನಲ್ಲಿ ಒಂದು ಪಾಲನ್ನು ಮರಳಿಸುವ ಸಾಧನವಾಗಿ ಅದನ್ನು ನೋಡಿದರೆ ಮಾತ್ರ ಲೆಕ್ಕ ಕೂಡುತ್ತದೆ.

ಆದ್ದರಿಂದ ಬೆಳಗಾವಿಯಲ್ಲಿಯೇ ಇರುವ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಹಾಗೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳು ಕೂಡಿ ಒಂದು ಸಣ್ಣ ಘಟಕ ನಡೆಸಬೇಕೆಂಬುದು ನನ್ನ ಒತ್ತಾಯ. ಅದನ್ನು ಬಯೋಗ್ಯಾಸ್ ಡೈಜೆಸ್ಟರಿನ, ಅಂದರೆ ತ್ಯಾಜ್ಯವನ್ನು ಕೊಳೆಸಿ ಅನಿಲ ತೆಗೆಯುವ ತೊಟ್ಟಿಯ ನಂತರ ಕೂಡಿಸಿದರೆ ಅಸಿಟೇಟ್ ಆಗಲೇ ಖರ್ಚಾಗಿರುತ್ತದೆ. ಅದರ ಬದಲು ಡೈಜೆಸ್ಟರಿಗೂ ಮುಂಚಿನ, ಆಮ್ಲಗಳು ತುಂಬಿರುವ ಮೊದಲ ತೊಟ್ಟಿಯಿಂದಲೇ ಒಂದು ಕವಲು ತೆಗೆದು, ನೀರು ಬೆರೆಸಿ ತೆಳುವಾಗಿಸಿ ಹರಿಸಬೇಕು. ಕ್ಯಾಥೋಡಿಗೆ ದುಬಾರಿ ಪ್ಲಾಟಿನಂ ಬೇಡ, ನಿಕ್ಕಲ್ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯಿಂದ ಆರಂಭಿಸಬಹುದು. ಕಾಕಂಬಿಯನ್ನು ಟ್ಯಾಂಕುಗಳಲ್ಲಿ ಕೂಡಿಡಬಹುದಾದ್ದರಿಂದ ಹಂಗಾಮು ಮುಗಿದ ಮೇಲೂ ಡಿಸ್ಟಿಲರಿ ನಡೆಯುತ್ತದೆ, ಆನೋಡಿನ ಮೇಲಿನ ಜೀವಿಗಳಿಗೆ ಬೇಸಿಗೆಯಲ್ಲೂ ಆಹಾರ ತಪ್ಪುವುದಿಲ್ಲ.