ಸಂಕದ ಮೇಲೆ ಯಾರೂ ಹಾರಲ್ಲ

ಎಲ್ಲಾ ಕೇಳುಗರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆ ಒಂದು ಕಾಲೇಜಲ್ಲಿ ಬಿಸಿಎ ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡೋಳು. ಇವತ್ತು ಒಂದು ಬಟನ್ ಕಥೆ ಹೇಳ್ಬೇಕು ಅಂತ ಬಂದಿದೀನಿ. ನಮ್ ಹುಡುಗ್ರು ಕ್ಲಾಸಿಗೆ ಅಂತ ಒಂದು ವಿಡಿಯೋ ಗೇಮ್ ಮಾಡಿದ್ರು, ಅದ್ರಲ್ಲಿ ಜಂಪ್ ಬಟನ್ ಒಂದಿತ್ತು, ಆಮೇಲೆ ಅದನ್ನ ತೆಗೆದ್ರು. ಕಥೆ ಅಷ್ಟೇ. ಆದ್ರೆ ಆ ಒಂದು ಬಟನ್ ತೆಗೆಯೋಕೆ ಐದು ಜನಕ್ಕೆ ಇಡೀ ಒಂದು ಮಳೆಗಾಲ ಬೇಕಾಯ್ತು.

ಪ್ರತಿ ವರ್ಷ ಪ್ರಾಜೆಕ್ಟ್ ಅಂದ್ರೆ ಅದೇ ಲೈಬ್ರರಿ ಮ್ಯಾನೇಜ್ಮೆಂಟು, ಅದೇ ಆಸ್ಪತ್ರೆ ಬಿಲ್ಲಿಂಗು, ಹಿಂದಿನ ಬ್ಯಾಚಿನವ್ರು ಮಾಡಿದ್ದನ್ನೇ ಬಣ್ಣ ಬದಲಾಯಿಸಿ ತಂದು ಕೊಡೋದು. ಈ ಸಲ ನಾನು ಹೇಳ್ದೆ, ಗೇಮ್ ಮಾಡಿ, ಐದೈದು ಜನರ ಗುಂಪು, ವಿಷಯ ನಿಮ್ಮೂರಿಂದ್ಲೇ ಬರ್ಬೇಕು, ಗೇಮಲ್ಲಿ ಬರೋ ಮಾತೆಲ್ಲ ಕನ್ನಡದಲ್ಲೇ ಇರ್ಬೇಕು. ನಾನು ಹೇಳ್ತಿರೋ ಗುಂಪಲ್ಲಿ ಇಬ್ರು ಕೋಡ್ ಬರೆಯೋ ಹುಡುಗ್ರು, ಚಿತ್ರ ಬಿಡಿಸೋನು ಒಬ್ಬ, ಇನ್ನೊಬ್ಬ ಯಾವಾಗ್ ನೋಡಿದ್ರೂ ಫೋನಲ್ಲಿ ಏನಾದ್ರೂ ಶಬ್ದ ರೆಕಾರ್ಡ್ ಮಾಡ್ತಾ ಇರೋನು, ಐದನೆಯವಳು ಹೊಸನಗರ ಕಡೆ ಹುಡುಗಿ. ಅವಳು ಜೀವನದಲ್ಲಿ ಒಂದು ಗೇಮೂ ಆಡಿದವಳಲ್ಲ, ಮನೇಲಿ ಇರೋದೇ ಒಂದು ಫೋನು, ಅದೂ ಅಮ್ಮನದ್ದು. ಗುಂಪಿಗೆ ಒಬ್ರು ಕಮ್ಮಿ ಇದ್ರು ಅಂತ ನಾನೇ ಸೇರಿಸಿದ್ದು.

ವಿಷಯ ಸಿಕ್ಕಿದ್ದು ಹಾಜರಿ ಪುಸ್ತಕದಿಂದ. ಜುಲೈ ತಿಂಗಳಲ್ಲಿ ಈ ಹುಡುಗಿ ವಾರಕ್ಕೆ ಎರಡು ದಿನ ಬರ್ತಿರ್ಲಿಲ್ಲ, ಯಾಕಮ್ಮ ಅಂತ ಎಲ್ಲರ ಎದುರೇ ಕೇಳಿದ್ದಕ್ಕೆ, ಸಂಕ ಮುಳುಗಿತ್ತು ಮೇಡಂ ಅಂದ್ಲು. ಪೇಟೆ ಕಡೆ ಕೇಳುಗರಿಗೆ ಹೇಳ್ಬೇಕು, ಸಂಕ ಅಂದ್ರೆ ಹಳ್ಳ ದಾಟೋಕೆ ಎರಡು ದಿಮ್ಮಿನೋ ನಾಲ್ಕು ಅಡಿಕೆ ಮರಾನೋ ಅಡ್ಡ ಹಾಕಿ ಕಟ್ಟಿರೋದು, ಕೈ ಹಿಡ್ಕೊಳ್ಳೋಕೆ ಪಕ್ಕದಲ್ಲಿ ಒಂದು ಗಳ ಇದ್ರೆ ಇತ್ತು ಇಲ್ದಿದ್ರೆ ಇಲ್ಲ, ಮಳೆಗಾಲಕ್ಕೆ ಮುಂಚೆ ಊರವ್ರೇ ಸೇರಿ ಕಟ್ತಾರೆ, ಜೋರು ಮಳೆಗೆ ಕೆಲವು ಸಲ ಕೊಚ್ಕೊಂಡು ಹೋಗತ್ತೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮಳೆ ದಾಟೋ ಆಗುಂಬೆ ನಮ್ ತಾಲ್ಲೂಕಲ್ಲೇ ಇರೋದು, ಇಲ್ಲಿ ಹಳ್ಳ ಅಂದ್ರೆ ಬೆಳಿಗ್ಗೆ ಪಾದ ಮುಳುಗೋವಷ್ಟು ಇದ್ದದ್ದು ಮಧ್ಯಾಹ್ನಕ್ಕೆ ಸೊಂಟ ದಾಟತ್ತೆ. ಆ ಮಾತು ಕೇಳಿದ ತಕ್ಷಣ ಹಿಂದಿನ ಬೆಂಚಲ್ಲಿದ್ದ ಕೋಡಿಂಗ್ ಹುಡುಗ, ಇದೇ ಗೇಮ್ ಮಾರಾಯಾ, ಮಗು ಸಂಕ ದಾಟಿ ಶಾಲೆ ಸೇರ್ಬೇಕು, ಅಂತ ಕೂಗಿದ. ಅವಳು ಮಾತ್ರ ಏನೂ ಹೇಳ್ಲಿಲ್ಲ.

ಕಂಪ್ಯೂಟರ್ ಮುಟ್ಟೋಕೆ ಮುಂಚೆ ಕಾಗದದ ಮೇಲೆ ಆಡಿ ನೋಡ್ಬೇಕು ಅನ್ನೋದು ನನ್ನ ಹಟ. ಗೇಮ್ ಮಾಡೋರು ಇದನ್ನ ಪೇಪರ್ ಪ್ರೋಟೋಟೈಪ್ ಅಂತಾರೆ, ನಾವು ಹಳೇ ಕ್ಯಾಲೆಂಡರ್ ಹಿಂದೆ ಮನೆ ಎಳೆದು ಮಾಡಿದ್ವಿ. ಮಳೆಗೆ ಹುಣಸೆ ಬೀಜ, ಹಳ್ಳಕ್ಕೆ ಒಂದು ಬಟ್ಲು, ಕವಡೆ ನಾಲ್ಕು. ಚೌಕಾಬಾರ ಆಡಿದವ್ರಿಗೆ ಗೊತ್ತು, ನಾಲ್ಕೂ ಅಂಗಾತ ಬಿದ್ರೆ 4, ನಾಲ್ಕೂ ಬೋರಲು ಬಿದ್ರೆ 8, ಅದೇ ಬಾರ. ಬಿದ್ದಷ್ಟು ಬೀಜ ಬಟ್ಲಿಗೆ ಹಾಕ್ಬೇಕು, 20 ತುಂಬಿದ್ರೆ ಸಂಕ ಮುಳುಗ್ತು. ಮಜಾ ಏನಂದ್ರೆ ಕವಡೆ ಎಸೆಯೋದಕ್ಕಿಂತ ಎಸೆಯೋಕೆ ಮುಂಚೆ ಸುಮ್ನೆ ಕೂತು ಬಟ್ಲು ನೋಡೋದೇ ಜಾಸ್ತಿ ಆಯ್ತು, 13 ಬೀಜ ಇದೆ, ಈಗ ಹೊರಟ್ರೆ ದಾಟ್ಬಹುದಾ, ಒಂದು ಬಾರ ಬಿದ್ರೆ ಮಧ್ಯ ಸಿಕ್ಕಾಕೊಳ್ತೀವಾ ಅಂತ ಐದೂ ಜನ ಬಟ್ಲಿನ ಮೇಲೆ ಬಗ್ಗಿ ಪಿಸುಗುಟ್ಟೋರು. ಆಗ್ಲೇ ಗೇಮ್ ಸಿಕ್ಕಿತ್ತು ಅಂತ ನಂಗೆ ಈಗ ಅನ್ಸತ್ತೆ.

ಆದ್ರೆ ಲ್ಯಾಬಿಗೆ ಹೋದ ಮೇಲೆ ಅದು ಮರೆತೇ ಹೋಯ್ತು. ಮೊದಲ ವಾರದಲ್ಲೇ ಕೋಡಿಂಗ್ ಹುಡುಗ ಜಂಪ್ ಮಾಡ್ಸಿದ, ಎಷ್ಟು ಚಂದ ಮಾಡಿದ್ದ ಅಂದ್ರೆ, ಬಟನ್ ಸ್ವಲ್ಪ ಒತ್ತಿದ್ರೆ ಸಣ್ಣ ಜಿಗಿತ, ಒತ್ತಿ ಹಿಡಿದ್ರೆ ದೊಡ್ಡದು, ಅಂಚು ದಾಟಿ ಕ್ಷಣದೊಳಗೆ ಒತ್ತಿದ್ರೂ ಜಿಗಿಯೋ ಹಾಗೆ, ನಿಜವಾಗಿ ಒಳ್ಳೇ ಕೆಲಸ ಅದು. ಅವನ ತಪ್ಪೂ ಅಲ್ಲ ಬಿಡಿ, 1981ರ ಡಾಂಕಿ ಕಾಂಗ್ ಗೇಮಲ್ಲಿ ಹೀರೋ ಹೆಸರೇ ಜಂಪ್ಮ್ಯಾನ್, ಅವನೇ ಆಮೇಲೆ ಮಾರಿಯೋ ಆಗಿದ್ದು, ಅಲ್ಲಿಂದ ಇಲ್ಲೀವರೆಗೆ ಗೇಮ್ ಅಂದ್ರೆ ಜಿಗಿಯೋದು ಅಂತ ಎಲ್ಲರ ಬೆರಳಿಗೂ ಅಭ್ಯಾಸ ಆಗ್ಬಿಟ್ಟಿದೆ. ಅವಳು ನೋಡಿ ಒಂದೇ ಮಾತು ಅಂದ್ಲು. ಸಂಕದ ಮೇಲೆ ಯಾರೂ ಹಾರಲ್ಲ. ಯಾರೂ ಕಿವಿಗೆ ಹಾಕ್ಕೊಳ್ಳಿಲ್ಲ. ನಾನೂ ಹಾಕ್ಕೊಳ್ಳಿಲ್ಲ, ಆ ದಿನ ನಾನು ಅಲ್ಲೇ ನಿಂತಿದ್ದೆ.

ಆಮೇಲೆ ಕನ್ನಡದ ಕಷ್ಟ ಶುರುವಾಯ್ತು. ನಮ್ ಲ್ಯಾಬಿನ ಕಂಪ್ಯೂಟರ್ ಹಳೇವು, ಹಾಗಾಗಿ ಗೋಡೋ ಅನ್ನೋ ಉಚಿತ ಗೇಮ್ ಎಂಜಿನ್ನಿನ, ಅಂದ್ರೆ ಗೇಮ್ ಕಟ್ಟೋ ಸಾಫ್ಟ್‌ವೇರಿನ, ಹಳೇ 3ನೇ ಆವೃತ್ತಿ ಹಾಕಿದ್ವಿ. ಮೊದಲ ಡೈಲಾಗ್ ಟೈಪ್ ಮಾಡಿ ರನ್ ಮಾಡಿದ್ರೆ ಅಕ್ಕ ಅನ್ನೋ ಪದ ಸ್ಕ್ರೀನ್ ಮೇಲೆ ಬಿಚ್ಚಿ ಬಿದ್ದಿತ್ತು, ಒತ್ತು ಕೆಳಗೆ ಹೋಗದೆ ಪಕ್ಕದಲ್ಲಿ ನಿಂತಿತ್ತು. ಯಾಕೆ ಅಂದ್ರೆ ಯೂನಿಕೋಡಲ್ಲಿ, ಅಂದ್ರೆ ಕಂಪ್ಯೂಟರ್ ಅಕ್ಷರಗಳನ್ನ ಗುರುತಿಸೋ ಸಂಕೇತ ಪಟ್ಟೀಲಿ, ಅಕ್ಕ ಅಂದ್ರೆ ಎರಡು ಅಕ್ಷರ ಅಲ್ಲ, ನಾಲ್ಕು ಸಂಕೇತ: ಅ, ಕ, ಅರ್ಧಾಕ್ಷರ ಮಾಡೋ ಚಿಹ್ನೆ, ಮತ್ತೆ ಕ. ಇವನ್ನ ಸೇರಿಸಿ ಒತ್ತಕ್ಷರ ಮಾಡಿ ತೋರಿಸೋ ಕೆಲಸ ಬೇರೆ ಒಂದು ಭಾಗದ್ದು, ಆ ಹಳೇ ಆವೃತ್ತೀಲಿ ಅದು ಇರ್ಲೇ ಇಲ್ಲ, 2023ರ ಮಾರ್ಚಲ್ಲಿ ಬಂದ 4ನೇ ಆವೃತ್ತೀಲಿ ಬಂತು, ಅದು ನಮ್ ಮೆಷಿನ್ನಲ್ಲಿ ಓಡಲ್ಲ. ಹುಡುಗ್ರು ಇಂಗ್ಲಿಷಲ್ಲೇ ಹಾಕೋಣ ಮೇಡಂ ಅಂದ್ರು. ಆಗ ಇದೇ ಹುಡುಗಿ, ನಾನು ಕೈಯಲ್ಲಿ ಬರ್ದು ಕೊಡ್ತೀನಿ, ಫೋಟೋ ಹೊಡ್ದು ಚಿತ್ರ ಅಂತ ಹಾಕಿ ಅಂದ್ಲು. ಎರಡು ಗೆರೆ ಕಾಪಿ ಬರೆದು ತಿದ್ದಿದ ಕೈ ಅದು. ಮನೆ ಮಾತು, ಮೇಷ್ಟ್ರ ಮಾತು, ಅಂಗಡಿ ಬೋರ್ಡು, ಎಲ್ಲಾ ಅವಳ ಕೈಬರಹದಲ್ಲೇ ಬಂತು, ಈಗ ಆ ಗೇಮಿಗೆ ಯಾವ ಫಾಂಟ್ ಹಾಕಿದ್ರೂ ನಂಗೆ ಒಪ್ಪಿಗೆ ಆಗಲ್ಲ.

ಕರೆಂಟು, ನೆಟ್ಟು ವಿಷಯ ನಿಮಗೆ ಗೊತ್ತಿರೋದೇ, ಮರ ಬಿದ್ರೆ ಮೂರು ದಿನ ಲೈನಿಲ್ಲ. ಮೊದಲು ಪೆನ್ ಡ್ರೈವಲ್ಲಿ ಹೊಸದು, ಹೊಸದು ಎರಡು, ಇದೇ ಕೊನೇದು ಅಂತ ಹೆಸರಿಟ್ಕೊಂಡು ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಕಾಪಿ ಮಾಡಿ ಚಿತ್ರದ ಹುಡುಗನ ನಾಲ್ಕು ದಿನದ ಕೆಲಸ ಅಳಿಸಿ ಹಾಕಿದ್ರು. ಆಮೇಲೆ ಗಿಟ್ ಹೇಳಿಕೊಟ್ಟೆ, ಅಂದ್ರೆ ಯಾರು ಏನು ಬದಲಾಯ್ಸಿದ್ರು ಅಂತ ಲೆಕ್ಕ ಇಟ್ಟು ಎಲ್ಲರ ಕೆಲಸ ಜೋಡಿಸೋ ಸಾಫ್ಟ್‌ವೇರು. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಮಾಡಿದ್ದು, ಅದಕ್ಕೆ ನೆಟ್ ಬೇಕೇ ಬೇಕು ಅಂತ ತುಂಬಾ ಜನ ತಿಳ್ಕೊಂಡಿದಾರೆ, ಬೇಕಿಲ್ಲ, ಪೆನ್ ಡ್ರೈವಲ್ಲೇ ರೆಪಾಸಿಟರಿ, ಅಂದ್ರೆ ಆ ಲೆಕ್ಕ ಎಲ್ಲಾ ಇರೋ ಫೋಲ್ಡರ್, ಇಟ್ಕೊಂಡು ಬಸ್ಸಲ್ಲಿ ಕೈಯಿಂದ ಕೈಗೆ ದಾಟಿಸ್ಬಹುದು. ಇಬ್ರೂ ಒಂದೇ ಸೀನ್, ಅಂದ್ರೆ ಗೇಮಿನ ಒಂದೇ ಭಾಗದ ಫೈಲ್, ಮುಟ್ಟಿದ್ರೆ ಜಗಳ, ಅದಕ್ಕೆ ಹಳ್ಳ ಒಬ್ಬಂದು, ಮಗು ಒಬ್ಬಂದು, ಮನೆ ಒಬ್ಬಂದು ಅಂತ ಬೇರೆ ಬೇರೆ ಸೀನ್ ಮಾಡಿ ಕೊನೇಲಿ ಜೋಡ್ಸಿದ್ರು.

ಚಿತ್ರದ ಹುಡುಗ ಸೋತು ಹೋಗಿದ್ದ, ಇಡೀ ಮಲೆನಾಡು ಒಬ್ನೇ ಬಿಡಿಸ್ಬೇಕಲ್ಲ. ಅವನಿಗೆ 1985ರ ಸೂಪರ್ ಮಾರಿಯೋ ಬ್ರದರ್ಸ್ ತೋರಿಸ್ದೆ, ಅದ್ರಲ್ಲಿ ಮೋಡಾನೂ ಪೊದೇನೂ ಒಂದೇ ಆಕಾರ, ಬಣ್ಣ ಮಾತ್ರ ಬೇರೆ, ಇಡೀ ಗೇಮು 40 ಕಿಲೋಬೈಟಲ್ಲಿ ಹಿಡಿಸ್ಬೇಕಿತ್ತು ಅವ್ರಿಗೆ. ಮಾರನೇ ದಿನದಿಂದ ಒಂದೇ ಅಡಿಕೆ ಮರ ದೂರದಲ್ಲಿ ತೋಟ ಆಯ್ತು, ಅಡ್ಡ ಮಲಗಿಸಿದ್ರೆ ಸಂಕ ಆಯ್ತು. ನಿಜವಾದ ಸಂಕಾನೂ ಹಾಗೇ ಅಲ್ವಾ ಮಾಡೋದು.

ಮಳೆ ಮಾತ್ರ ತುಂಬಾ ಕಾಡಿಸ್ತು. ನಮ್ಮ ಮಳೆ ಅಂದ್ಮೇಲೆ ಧಾರಾಳವಾಗಿ ಸುರಿಸಿದ್ರು, ಕಮ್ಮಿ ಬೆಲೆ ಫೋನಲ್ಲಿ ಗೇಮ್ ತೆವಳೋಕೆ ಶುರುವಾಯ್ತು. ಸೆಕೆಂಡಿಗೆ 60 ಫ್ರೇಮ್ ಬರ್ಬೇಕು ಅಂದ್ರೆ ಒಂದೊಂದು ಚಿತ್ರಕ್ಕೆ ಸಿಗೋದು 17 ಮಿಲಿಸೆಕೆಂಡೂ ಪೂರ್ತಿ ಇಲ್ಲ, ಅಷ್ಟರಲ್ಲಿ ಅಷ್ಟೊಂದು ಹನಿ ಲೆಕ್ಕ ಹಾಕೋದು ಆ ಫೋನಿಗೆ ಆಗಲ್ಲ. ಕೊನೆಗೆ ಹನಿ ಕಮ್ಮಿ ಮಾಡಿ ಮಳೇನ ಶಬ್ದದಲ್ಲಿ ತಂದ್ರು, ಇಲ್ಲಿ ಬಂದ ನೋಡಿ ನಮ್ ರೆಕಾರ್ಡಿಂಗ್ ಹುಡುಗ.

ಅವನಿಗೆ ಕೋಡ್ ಬರಲ್ಲ, ಬರ್ಬೇಕು ಅಂತ ಆಸೇನೂ ಇಲ್ಲ. ಫೋನಿಗೆ ಪ್ಲಾಸ್ಟಿಕ್ ಕೊಟ್ಟೆ ಸುತ್ಕೊಂಡು ಹಳ್ಳದ ಬದೀಲಿ ಕೂತು ರೆಕಾರ್ಡ್ ಮಾಡ್ಕೊಂಡು ಬಂದ, ಹೆಂಚಿನ ಮೇಲೆ ಬೀಳೋ ಮಳೆ ಬೇರೆ, ಅಡಿಕೆ ಹಾಳೆ ಮೇಲೆ ಬೀಳೋದು ಬೇರೆ, ಜೀರುಂಡೆ, ಕಪ್ಪೆ, ಹಳ್ಳದ್ದಂತೂ ಮೂರು ಥರ. ಕಮ್ಮಿ ನೀರಿದ್ದಾಗ ಕಲ್ಲಿನ ಮಧ್ಯ ಗುಳುಗುಳು ಅನ್ನತ್ತೆ, ಏರ್ತಾ ಬಂದಾಗ ಆ ಗುಳುಗುಳು ನಿಂತು ಒಂದೇ ಸಮ ಮೊರೆತ ಆಗತ್ತೆ, ಆಮೇಲೆ ಒಳಗಿಂದ ಕಲ್ಲು ಉರುಳೋ ಸದ್ದು. ಹುಡುಗಿ ಅದನ್ನ ಕೇಳಿ, ಹೂಂ ಇದೇ, ಈ ಮೂರನೇದು ಕೇಳಿದ್ರೆ ನಮ್ಮಮ್ಮ ಹೋಗೋಕೆ ಬಿಡಲ್ಲ ಅಂದ್ಲು. ಆ ಮೂರು ಸದ್ದನ್ನ ನೀರಿನ ಮಟ್ಟಕ್ಕೆ ಕಟ್ಟಿ, ಒಂದರಿಂದ ಒಂದಕ್ಕೆ ನಿಧಾನ ಜಾರೋ ಹಾಗೆ ಮಾಡಿದ್ರು. ಸ್ಕ್ರೀನ್ ಮೇಲೆ ಮೀಟರಿಲ್ಲ, ನಂಬರಿಲ್ಲ, ಕಿವಿ ಕೊಟ್ರೆ ಮಾತ್ರ ಗೊತ್ತಾಗತ್ತೆ.

ಇಲ್ಲಿ ಒಂದು ಮಾತು ಹೇಳ್ಲೇಬೇಕು, ಎಲ್ಲಾ ಮೇಷ್ಟ್ರುಗಳಿಗೂ ಕೇಳಿಸ್ಲಿ. ಗುಂಪು ಪ್ರಾಜೆಕ್ಟಲ್ಲಿ ಐದು ಜನಕ್ಕೂ ಒಂದೇ ಮಾರ್ಕ್ಸ್ ಕೊಟ್ಟು ಕೈ ತೊಳ್ಕೊಳ್ಳೋದು ತಪ್ಪು, ಕೋಡ್ ಬರೆದವನಿಗೆ ಮಾತ್ರ ಜಾಸ್ತಿ ಕೊಡೋದು ಅದಕ್ಕಿಂತ ದೊಡ್ಡ ತಪ್ಪು. ನಾನು ಒಬ್ಬೊಬ್ಬರ ಹತ್ರ ಒಂದೊಂದು ನೋಟ್ಬುಕ್ ಇಡಿಸ್ದೆ, ಇವತ್ತು ನಾನೇನು ಮಾಡ್ದೆ, ಯಾರ ಮಾತಿಂದ ಏನು ಬದಲಾಯ್ಸಿದೆ ಅಂತ ಬರೀಬೇಕು. ಎರಡನೇ ಪ್ರಶ್ನೆಗೇ ಜಾಸ್ತಿ ಮಾರ್ಕ್ಸ್.

ಅದೂ ಸುಲಭ ಆಗ್ಲಿಲ್ಲ. ಮಧ್ಯದಲ್ಲಿ ಒಂದಿನ ದೊಡ್ಡ ಜಗಳ, ಇದು ನನ್ ಗೇಮು, ಕೋಡೆಲ್ಲಾ ನಂದು ಅಂತ ಆ ಹುಡುಗ. ಬೈಯ್ಯೋಕೆ ಮನಸ್ಸಾಗ್ಲಿಲ್ಲ, ರಾತ್ರಿ ಎಲ್ಲಾ ಕೂತು ಮಾಡಿದ ಮಗು ಅದು. ಅವನಿಗೆ ಸ್ಪೇಸ್ವಾರ್ ಅನ್ನೋ ಹಳೇ ಗೇಮಿನ ಕಥೆ ಹೇಳ್ದೆ. 1962ರಲ್ಲಿ ಅಮೆರಿಕದ ಎಂಐಟೀಲಿ, ಪಿಡಿಪಿ-1 ಅನ್ನೋ ಬೀರು ಗಾತ್ರದ ಕಂಪ್ಯೂಟರಲ್ಲಿ ಸ್ಟೀವ್ ರಸೆಲ್ ಎರಡು ರಾಕೆಟ್ ಓಡೋ ಹಾಗೆ ಮಾಡಿದ. ಹಿಂದೆ ಚುಕ್ಕಿಗಳು ಸರಿ ಇಲ್ಲ ಅಂತ ಪೀಟರ್ ಸ್ಯಾಮ್ಸನ್ ನಿಜವಾದ ಆಕಾಶದ ನಕ್ಷತ್ರಗಳನ್ನೇ ತಂದು ಕೂರಿಸ್ದ, ಡ್ಯಾನ್ ಎಡ್ವರ್ಡ್ಸ್ ಮಧ್ಯ ಒಂದು ಸೂರ್ಯ ಇಟ್ಟು ಅದಕ್ಕೆ ಸೆಳೆತ ಕೊಟ್ಟ. ಆ ಸೆಳೆತ ಬಂದ್ಮೇಲೆ ಸುಮ್ನೆ ಗುಂಡು ಹೊಡೆಯೋದಲ್ಲ, ಸೂರ್ಯನ ಸುತ್ತ ತಿರುಗಿ ತಪ್ಪಿಸ್ಕೊಳ್ಳೋ ಆಟ ಆಯ್ತು. ರಸೆಲ್ ಹೆಸರೇನೂ ಸಣ್ಣದಾಗ್ಲಿಲ್ಲ. ಹುಡುಗ ಏನೂ ಉತ್ತರ ಕೊಡ್ಲಿಲ್ಲ, ಆದ್ರೆ ಮಾರನೇ ದಿನ ಬಂದ.

ಇದೆಲ್ಲದಕ್ಕಿಂತ ಕಷ್ಟದ್ದು ಬೀಳೋ ವಿಷಯ. ಮಗು ಸಂಕದಿಂದ ಬಿದ್ರೆ ಗುಳುಂ ಅಂತ ಸದ್ದು, ಒಂದು ಲೈಫ್ ಹೋಯ್ತು, ಇನ್ನೆರಡು ಇದೆ. ಎಲ್ಲಾ ಗೇಮಲ್ಲೂ ಹಾಗೇ ಅಲ್ವಾ ಇರೋದು. ಮೊದಲ ಸಲ ಅದು ಓಡಿದಾಗ ನಾಲ್ಕು ಜನ ನಕ್ರು, ಅವಳು ಎದ್ದು ಲ್ಯಾಬಿಂದ ಹೊರಗೆ ಹೋದ್ಲು. ಎರಡು ದಿನ ಬಿಟ್ಟು ನನ್ ಹತ್ರ ಹೇಳಿದ್ಲು, ಅವಳ ಊರಲ್ಲಿ ಸಂಕದಿಂದ ಬಿದ್ದ ಮಗು ಒಂದಿತ್ತು, ಇವಳಿಗಿಂತ ಎರಡು ಕ್ಲಾಸ್ ಚಿಕ್ಕದು. ಅದಕ್ಕೆ ಮೂರು ಲೈಫ್ ಇರ್ಲಿಲ್ಲ ಮೇಡಂ ಅಂದ್ಲು. ನಾನು ಅದನ್ನ ಗುಂಪಿಗೆ ಹೇಳ್ಲಾ ಅಂತ ಕೇಳ್ದೆ, ಬೇಡ ನಾನೇ ಹೇಳ್ತೀನಿ ಅಂತ ಅವಳೇ ಹೇಳಿದ್ಲು. ಆ ಗುಳುಂ ಫೈಲನ್ನ ರೆಕಾರ್ಡಿಂಗ್ ಹುಡುಗ ಅವಳ ಎದುರೇ ಡಿಲೀಟ್ ಮಾಡ್ದ.

ಅದಾದ್ಮೇಲೂ ಜಂಪ್ ಇತ್ತು ನೋಡಿ. ಪಕ್ಕದ ಹೈಸ್ಕೂಲ್ ಮಕ್ಕಳನ್ನ ಕರ್ಕೊಂಡು ಬಂದು ಆಡಿಸಿದ್ವಿ, ನಿಯಮ ಒಂದೇ, ಮಾಡಿದವ್ರು ಹಿಂದೆ ನಿಂತು ಬಾಯಿ ಮುಚ್ಚಿಕೊಂಡು ನೋಡ್ಬೇಕು, ಹೀಗ್ ಒತ್ತು ಹಾಗ್ ಒತ್ತು ಅನ್ನೋ ಹಾಗಿಲ್ಲ. ಮಕ್ಕಳು ಕೂತ್ರು, ಜಂಪ್ ಜಂಪ್ ಜಂಪ್, ಆರೇ ಸೆಕೆಂಡಲ್ಲಿ ಸಂಕ ದಾಟಿ ಶಾಲೆ. ಯಾರೂ ಹಳ್ಳದ ಸದ್ದು ಕೇಳ್ಲಿಲ್ಲ, ಯಾರೂ ಆಕಾಶ ನೋಡ್ಲಿಲ್ಲ, ಹುಣಸೆ ಬೀಜದ ಬಟ್ಲು ನೋಡ್ತಾ ಇವ್ರೆಲ್ಲ ಉಸಿರು ಹಿಡಿದಿದ್ರಲ್ಲ, ಅದು ಎಲ್ಲೂ ಇರ್ಲಿಲ್ಲ. ಮಕ್ಕಳು ಹೋದ್ಮೇಲೆ ಕೋಡಿಂಗ್ ಹುಡುಗ ತುಂಬಾ ಹೊತ್ತು ಸುಮ್ನೆ ಕೂತಿದ್ದ, ಆಮೇಲೆ ಅವಳನ್ನ ಕೇಳ್ದ, ಹಾರಲ್ಲ ಅಂದ್ರೆ ಮತ್ತೆ ಹೆಂಗೆ ದಾಟ್ತೀರಿ ಹೇಳು. ಅವಳು ಲ್ಯಾಬಿನ ನೆಲದ ಮೇಲೆ ಗೆರೆ ಎಳೆದು ನಡೆದು ತೋರ್ಸಿದ್ಲು, ಚಪ್ಪಲಿ ಬಿಚ್ಚಿ ಕೈಲಿ ಹಿಡ್ಕೊಂಡು, ಅಡ್ಡಡ್ಡ ಕಾಲಿಟ್ಟು, ನೀರನ್ನ ನೋಡದೆ ಆಚೆ ದಡ ನೋಡ್ತಾ, ನೀರು ನೋಡಿದ್ರೆ ತಲೆ ತಿರುಗತ್ತೆ ಅಂತ. ಮಧ್ಯ ಬಂದು ನಿಂತು, ಜಾಸ್ತಿ ಅನ್ಸಿದ್ರೆ ವಾಪಸ್ ಬರ್ತೀವಿ ಅಂದ್ಲು. ಅವತ್ತು ರಾತ್ರಿ ಅವನು ಜಂಪ್ ತೆಗೆದು ಅದೇ ಬಟನ್ನಿಗೆ ವಾಪಸ್ ತಿರುಗೋದನ್ನ ಕೂರಿಸ್ದ. ನೋಟ್ಬುಕ್ಕಲ್ಲಿ ಅವಳ ಹೆಸರು ಬರೆದು ಕೆಳಗೆ ಗೆರೆ ಎಳೆದಿದ್ದ.

ಕೊನೇ ದಿನ ಕಾಲೇಜಲ್ಲಿ ಎಲ್ಲರ ಎದುರು ಡೆಮೊ, ಮನೆಯವ್ರೂ ಬಂದಿದ್ರು. ಅವಳ ಅಮ್ಮ ಫೋನ್ ಕೈಗೆ ತಗೊಂಡು ಮಗೂನ ಸಂಕದ ತುದೀವರೆಗೆ ತಂದು ನಿಲ್ಲಿಸಿದ್ರು, ಮೂರನೇ ಸದ್ದು ಶುರುವಾಗಿತ್ತು, ಸುತ್ತ ನಿಂತವ್ರೆಲ್ಲ ಹೋಗಿ ಅಮ್ಮ ಹೋಗಿ ಅಂತಿದ್ರು, ಅವ್ರು ತಿರುಗಿಸಿ ಮನೆಗೆ ಕರ್ಕೊಂಡು ಬಂದ್ರು. ಸ್ಕ್ರೀನ್ ಕತ್ತಲಾಗಿ ಮಾರನೇ ಬೆಳಗು ಬಂತು, ಮಳೆ ಹೊಳವಾಗಿತ್ತು, ಸಂಕ ಹಾಗೇ ಇತ್ತು. ಅವ್ರು ಅದನ್ನೇ ನೋಡ್ತಾ ಕೇಳಿದ್ರು, ಅಷ್ಟು ನೀರು ಬಂದ್ಮೇಲೂ ಸಂಕ ಹೋಗ್ಲಿಲ್ವಾ?

ಐದು ಜನ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಮಾರ್ಕ್ಸ್ ಆಗ್ಲೇ ಬರೆದಾಗಿತ್ತು, ಪ್ರಾಜೆಕ್ಟ್ ಮುಗಿದಿತ್ತು. ಸಂಜೆ ಲ್ಯಾಬಿಗೆ ಬೀಗ ಹಾಕೋಕೆ ಹೋದ್ರೆ ಐದೂ ಜನ ಒಂದೇ ಕಂಪ್ಯೂಟರ್ ಮುಂದೆ ಕೂತಿದ್ರು, ಚಿತ್ರದ ಹುಡುಗ ಕೊಚ್ಚಿಹೋದ ದಡ ಬಿಡಿಸ್ತಿದ್ದ, ಅವಳು ಊರವ್ರು ಎಷ್ಟು ಜನ ಸೇರಿದ್ರೆ ದಿಮ್ಮಿ ಎತ್ತೋಕಾಗತ್ತೆ ಅಂತ ಲೆಕ್ಕ ಹೇಳ್ತಿದ್ಲು, ಕೋಡಿಂಗ್ ಹುಡುಗ ಬರ್ಕೊಳ್ತಿದ್ದ. ಕೊನೇ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ನಾನು ಬೀಗ ಕೈಲಿ ಹಿಡ್ಕೊಂಡು ಬಾಗಿಲ ಹತ್ರ ಕೂತ್ಕೊಂಡೆ.

ನಮಸ್ಕಾರ.